ಐ7 ಇದ್ದರೂ ಗೇಮ್ ಓಡುವುದಿಲ್ಲ ಏಕೆ? ಅಗ್ಗದ ಗೇಮಿಂಗ್ ಕಂಪ್ಯೂಟರ್ ಕೊಳ್ಳುವ ಮುನ್ನ ತಿಳಿಯಬೇಕಾದ್ದು

"ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ವ್ಯಾಟ್ ಎಸ್‌ಎಂಪಿಎಸ್, ಕಲರ್ ಲೈಟ್ ಇರುವ ಕ್ಯಾಬಿನೆಟ್. ಎಲ್ಲಾ ಗೇಮ್ ಓಡುತ್ತೆ. ಸ್ಟಾಕ್ ಇರುವ ತನಕ ಮಾತ್ರ!"

ಇದೇ ಧಾಟಿಯ ಸಂದೇಶಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಪಿಯುಸಿ ಮುಗಿಸಿದ ಮಗನೋ ಮಗಳೋ ಅದನ್ನು ಮನೆಯವರಿಗೆ ಫಾರ್ವರ್ಡ್ ಮಾಡುತ್ತಾರೆ. "ಅಂಗಡೀಲಿ ಹೊಸ ಐ3 ಕಂಪ್ಯೂಟರ್‌ಗೇ ಇದರ ಎರಡರಷ್ಟು ಹೇಳ್ತಾರೆ ಅಪ್ಪಾ, ಇಲ್ಲಿ ಐ7ಏ ಸಿಗ್ತಿದೆ" ಎನ್ನುತ್ತಾರೆ. ಅಪ್ಪನಿಗೂ ಸರಿ ಎನಿಸುತ್ತದೆ. ಮೂರಕ್ಕಿಂತ ಏಳು ದೊಡ್ಡದಲ್ಲವೇ?

ಇಂಥ ಸಂದೇಶದಲ್ಲಿ ಒಂದೇ ಒಂದು ಸುಳ್ಳೂ ಇಲ್ಲದಿರಬಹುದು. ಡಬ್ಬದೊಳಗೆ ನಿಜಕ್ಕೂ ಐ7 ಇರುತ್ತದೆ, ನಿಜಕ್ಕೂ 16 ಜಿಬಿ ರ‍್ಯಾಮ್ ಇರುತ್ತದೆ. ಆದರೂ ಕಂಪ್ಯೂಟರ್ ಮನೆಗೆ ಬಂದ ಮೇಲೆ ಬೇಕಾದ ಗೇಮ್ ಓಡದೇ ಹೋಗಬಹುದು, ಕೆಲವು ಗೇಮ್‌ಗಳು ತೆರೆದುಕೊಳ್ಳದೆಯೂ ಇರಬಹುದು. ಜಾಹೀರಾತಿನ ದೊಡ್ಡ ಅಂಕಿಗಳು ಭಾಗದ ಹೆಸರನ್ನೋ ಗಾತ್ರವನ್ನೋ ಹೇಳುತ್ತವೆ. ಅದರ ವಯಸ್ಸು, ವೇಗ ಮತ್ತು ಗುಣಮಟ್ಟವನ್ನು ಹೇಳುವುದಿಲ್ಲ. ಗೇಮ್‌ಗೆ ಬೇಕಾಗಿರುವುದು ಈ ಮೂರೇ.

ಒಂದು ಮನೆಯ ಎರಡು ಮೂರು ತಿಂಗಳ ಉಳಿತಾಯ ಇಂಥ ಒಂದು ಖರೀದಿಗೆ ಹೋಗುತ್ತದೆ. ಆದ್ದರಿಂದ ಆ ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಗೇಮ್ ಓಡುವಾಗ ಒಳಗೆ ಏನಾಗುತ್ತದೆ?

ಗೇಮ್ ಎಂದರೆ ಒಂದರ ಹಿಂದೆ ಒಂದು ವೇಗವಾಗಿ ಮೂಡುವ ಚಿತ್ರಗಳು. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂಬುದೇ ಎಫ್‌ಪಿಎಸ್. 60 ಎಫ್‌ಪಿಎಸ್ ಬಂದರೆ ಆಟ ನಯವಾಗಿ ಸಾಗುತ್ತದೆ. 25–30ಕ್ಕೆ ಇಳಿದರೆ ಅಲ್ಲಲ್ಲಿ ತಡವರಿಸಿದಂತೆ ಕಾಣುತ್ತದೆ.

60 ಎಫ್‌ಪಿಎಸ್ ಬೇಕೆಂದರೆ ಒಂದು ಚಿತ್ರವನ್ನು ತಯಾರಿಸಲು ಕಂಪ್ಯೂಟರ್‌ಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್ ಮಾತ್ರ. ಸಾಮಾನ್ಯ 1080ಪಿ ಪರದೆಯಲ್ಲಿ 1920 × 1080, ಅಂದರೆ ಸುಮಾರು 20.7 ಲಕ್ಷ ಚುಕ್ಕೆಗಳಿವೆ. ಪ್ರತಿ ಚಿತ್ರಕ್ಕೂ ಇವೆಲ್ಲದರ ಬಣ್ಣ ಲೆಕ್ಕ ಹಾಕಬೇಕು. 4ಕೆ ಪರದೆಯಾದರೆ ಈ ಕೆಲಸ ನೇರ ನಾಲ್ಕು ಪಟ್ಟಾಗುತ್ತದೆ.

ಇದನ್ನು ಮದುವೆ ಮನೆಯ ಊಟಕ್ಕೆ ಹೋಲಿಸಬಹುದು. ಪ್ರೊಸೆಸರ್ ಎಂದರೆ ಮುಖ್ಯ ಅಡುಗೆಭಟ್ಟರು. ಸಂಖ್ಯೆಯಲ್ಲಿ ಕಡಿಮೆ, ಆದರೆ ಏನು, ಯಾವಾಗ, ಯಾವ ಕ್ರಮದಲ್ಲಿ ಎಂದು ನಿರ್ಧರಿಸುವವರು. ಶತ್ರು ಎಲ್ಲಿದ್ದಾನೆ, ಗುಂಡು ತಗುಲಿತೇ, ಕಾರು ಎತ್ತ ತಿರುಗಿತು ಎಂಬ ಲೆಕ್ಕವೆಲ್ಲ ಇವರದು. ಗ್ರಾಫಿಕ್ಸ್ ಕಾರ್ಡ್ ಎಂದರೆ ಪಂಕ್ತಿಯಲ್ಲಿ ಬಡಿಸುವವರ ದೊಡ್ಡ ಪಡೆ. ಒಬ್ಬೊಬ್ಬರ ಕೆಲಸ ಸರಳ, ಆದರೆ ನೂರಾರು ಮಂದಿ ಒಟ್ಟಿಗೆ ನಿಂತು 20 ಲಕ್ಷ ಎಲೆಗಳಿಗೆ ಬಡಿಸಬೇಕು, ಅದೂ ಸೆಕೆಂಡಿಗೆ 60 ಬಾರಿ.

ಭಟ್ಟರು ನಿಧಾನವಾದರೆ ಬಡಿಸುವವರು ಸೌಟು ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಬಡಿಸುವವರು ಕಡಿಮೆಯಾದರೆ ಅಡುಗೆ ಒಲೆಯ ಪಕ್ಕದಲ್ಲೇ ಆರುತ್ತದೆ. ಯಾರು ನಿಧಾನವೋ ಅವರ ವೇಗವೇ ಇಡೀ ಪಂಕ್ತಿಯ ವೇಗ. ಕಂಪ್ಯೂಟರ್‌ನಲ್ಲೂ ಹೀಗೆಯೇ. ಒಂದು ಭಾಗ ಎಷ್ಟೇ ಜೋರಾಗಿದ್ದರೂ ಉಳಿದವು ಸೋತರೆ ಅದಕ್ಕೆ ಕೊಟ್ಟ ಹಣ ದಂಡ.

ನಂಬಿಕೆ 1: ಐ7 ಯಾವಾಗಲೂ ಐ3ಗಿಂತ ವೇಗ

ಇಂಟೆಲ್ ಕಂಪನಿ ಐ7 ಎಂಬ ಹೆಸರನ್ನು ಮೊದಲು ಬಳಸಿದ್ದು 2008ರಲ್ಲಿ. ಅಂದಿನಿಂದ ಹಲವು ತಲೆಮಾರುಗಳ ಐ7ಗಳು ಬಂದುಹೋಗಿವೆ. ಐ3, ಐ5, ಐ7 ಎಂಬುದು ಆಯಾ ತಲೆಮಾರಿನ ಒಳಗಿನ ದರ್ಜೆ ಮಾತ್ರ. ಬೇರೆ ಬೇರೆ ತಲೆಮಾರುಗಳ ನಡುವೆ ಈ ಹೋಲಿಕೆ ನಡೆಯುವುದಿಲ್ಲ.

ಒಂದು ಉದಾಹರಣೆ ನೋಡೋಣ. ಐ7-2600 ಬಂದದ್ದು 2011ರ ಜನವರಿಯಲ್ಲಿ. ಐ3-12100ಎಫ್ ಬಂದದ್ದು 2022ರ ಜನವರಿಯಲ್ಲಿ. ಎರಡರಲ್ಲೂ 4 ಕೋರ್‌ಗಳು, 8 ಥ್ರೆಡ್‌ಗಳು. ಗಿಗಾಹರ್ಟ್ಸ್ ನೋಡಿದರೆ ಹಳೆಯದರ ಮೂಲ ವೇಗ 3.4, ಹೊಸದರದ್ದು 3.3. ಕಾಗದದ ಮೇಲೆ ಹಳೆಯದೇ ಒಂದು ಕೂದಲೆಳೆ ಮುಂದೆ! ಆದರೆ ಒಂದು ಕೋರ್‌ನ ನಿಜವಾದ ಕೆಲಸವನ್ನು ಅಳೆದರೆ ಹೊಸ ಐ3 ಸುಮಾರು ಎರಡು ಪಟ್ಟು ವೇಗ.

ಇದು ಹೇಗೆ? ಗಿಗಾಹರ್ಟ್ಸ್ ಎಂದರೆ ಪ್ರೊಸೆಸರ್‌ನ ಗಡಿಯಾರ ಸೆಕೆಂಡಿಗೆ ಎಷ್ಟು ಬಾರಿ ಮಿಡಿಯುತ್ತದೆ ಎಂಬ ಲೆಕ್ಕ. ಪ್ರತಿ ಮಿಡಿತದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಒಬ್ಬರು ನಿಮಿಷಕ್ಕೆ ನೂರು ಹೆಜ್ಜೆ ಇಟ್ಟರೂ ಹೆಜ್ಜೆ ಗಿಡ್ಡವಾಗಿದ್ದರೆ ಹಿಂದೆ ಬೀಳುತ್ತಾರೆ. ಹನ್ನೊಂದು ವರ್ಷಗಳಲ್ಲಿ ಪ್ರೊಸೆಸರ್‌ಗಳ ಹೆಜ್ಜೆ ಉದ್ದವಾಗಿದೆ.

ಹೆಸರಿನಲ್ಲೇ ತಲೆಮಾರು ಅಡಗಿರುತ್ತದೆ. ಐ7-2600ರಲ್ಲಿ ಗೆರೆಯ ನಂತರದ ಮೊದಲ ಅಂಕಿ 2, ಅಂದರೆ ಎರಡನೇ ತಲೆಮಾರು. ಐ5-8500 ಎಂದರೆ ಎಂಟನೆಯದು. ಐ5-12400 ಎಂದರೆ ಹನ್ನೆರಡನೆಯದು. ಗೆರೆಯ ನಂತರ ಮೂರೇ ಅಂಕಿ ಇದ್ದರೆ, ಉದಾಹರಣೆಗೆ ಐ7-860, ಅದು ಮೊದಲ ತಲೆಮಾರು. ಜಾಹೀರಾತಿನಲ್ಲಿ ಬರೀ "ಐ7" ಎಂದಿದ್ದು ಮುಂದಿನ ಸಂಖ್ಯೆ ಇಲ್ಲದಿದ್ದರೆ ಆ ಸಂಖ್ಯೆಯನ್ನು ಮೊದಲು ಕೇಳಿ.

ವೇಗದ ಜೊತೆಗೆ ಇನ್ನೂ ಎರಡು ತೊಂದರೆಗಳಿವೆ. ಒಂದು, ಎವಿಎಕ್ಸ್2 ಎಂಬ ಸೌಲಭ್ಯ ಇಂಟೆಲ್ ಪ್ರೊಸೆಸರ್‌ಗಳಿಗೆ ಬಂದದ್ದು 2013ರಲ್ಲಿ. ಕೆಲವು ಹೊಸ ಗೇಮ್‌ಗಳಿಗೆ ಇದು ಕಡ್ಡಾಯ. ಇದಿಲ್ಲದ ಹಳೆಯ ಐ7ನಲ್ಲಿ ಅವು ತೆರೆದುಕೊಳ್ಳುವುದೇ ಇಲ್ಲ. ಎರಡು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬೆಂಬಲಿಸುವುದು ಇಂಟೆಲ್‌ನ ಎಂಟನೇ ತಲೆಮಾರು ಮತ್ತು ಅದರ ಮುಂದಿನವುಗಳನ್ನು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಗೇಮ್ ಆಡಬೇಕಾದರೂ ಈ ಟಿಪಿಎಂ ಬೇಕೇ ಬೇಕು. ಹಳೆಯ ಕಂಪ್ಯೂಟರ್‌ಗೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಹಾಗೆ ಹಾಕಿದರೂ ಗೇಮ್ ತನ್ನ ತಪಾಸಣೆಯನ್ನು ಬಿಡುವುದಿಲ್ಲ.

ಒಂದು ಸೊನ್ನೆಯ ವ್ಯತ್ಯಾಸ: ಎಚ್61 ಮತ್ತು ಎಚ್610

"ಪ್ರೊಸೆಸರ್ ಹಳೇದು ಸಾರ್, ಆದ್ರೆ ಮದರ್‌ಬೋರ್ಡ್ ಹೊಚ್ಚ ಹೊಸದು, ಒಂದು ವರ್ಷ ವಾರಂಟಿ ಇದೆ." ಈ ಮಾತು ನಿಜವೇ ಇರುತ್ತದೆ. ಆದರೆ ಬೋರ್ಡಿನ ಹೆಸರನ್ನು ಗಮನವಿಟ್ಟು ಓದಿ.

ಎಚ್61 ಎಂಬುದು 2011ರ ಚಿಪ್‌ಸೆಟ್. ಎರಡನೇ ಮತ್ತು ಮೂರನೇ ತಲೆಮಾರಿನ ಪ್ರೊಸೆಸರ್‌ಗಳಿಗೆ ಮಾತ್ರ ಹೊಂದುತ್ತದೆ, ಡಿಡಿಆರ್3 ರ‍್ಯಾಮ್ ಬಳಸುತ್ತದೆ. ಎಚ್610 ಎಂಬುದು 2022ರದ್ದು. ಹನ್ನೆರಡನೇ ತಲೆಮಾರು ಮತ್ತು ನಂತರದ ಎರಡು ತಲೆಮಾರುಗಳಿಗೆ ಹೊಂದುತ್ತದೆ, ಡಿಡಿಆರ್4 ಅಥವಾ ಡಿಡಿಆರ್5 ರ‍್ಯಾಮ್ ಬಳಸುತ್ತದೆ. ಹೆಸರಿನಲ್ಲಿ ವ್ಯತ್ಯಾಸ ಒಂದು ಸೊನ್ನೆ, ಕಾಲದಲ್ಲಿ ಹನ್ನೊಂದು ವರ್ಷ. ಎಚ್61 ಬೋರ್ಡುಗಳನ್ನು ಕೆಲವು ಸಣ್ಣ ತಯಾರಕರು ಬಹಳ ಕಾಲ ಹೊಸದಾಗಿ ತಯಾರಿಸಿ ಮಾರಿದ್ದಾರೆ. ಡಬ್ಬ ಹೊಸದು, ಒಳಗಿನ ತಂತ್ರಜ್ಞಾನ ಹಳೆಯದು.

ನಷ್ಟ ಇಲ್ಲಿಗೇ ನಿಲ್ಲುವುದಿಲ್ಲ. ಡಿಡಿಆರ್3 ರ‍್ಯಾಮ್ ಹೊಸ ಬೋರ್ಡುಗಳಲ್ಲಿ ಕೂರುವುದಿಲ್ಲ, ಅದರ ಕಚ್ಚಿನ ಜಾಗವೇ ಬೇರೆ. ನಾಳೆ ಸುಧಾರಿಸಬೇಕೆಂದರೆ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಬಿಸಾಡಬೇಕು. ಅಗ್ಗ ಎಂದುಕೊಂಡ ಹಣದಲ್ಲಿ ಮುಂದಕ್ಕೆ ಒಯ್ಯಲು ಸಿಗುವುದು ಹೆಚ್ಚೆಂದರೆ ಕ್ಯಾಬಿನೆಟ್ ಮತ್ತು ಎಸ್ಎಸ್‌ಡಿ.

ನಂಬಿಕೆ 2: ಗ್ರಾಫಿಕ್ಸ್ ಕಾರ್ಡಿನ ಜಿಬಿ ಹೆಚ್ಚಿದ್ದರೆ ಸಾಕು

ಮೋಸಕ್ಕೆ ಅತಿ ಹೆಚ್ಚು ಎಡೆ ಮಾಡಿಕೊಡುವ ಅಂಕಿ ಇದು. ಎನ್ವಿಡಿಯಾ ಚಿಪ್ ಇರುವ ಎರಡು ಕಾರ್ಡುಗಳನ್ನು ಹೋಲಿಸೋಣ. 2014ರ ಜಿಟಿ 730 ಮತ್ತು 2019ರ ಜಿಟಿಎಕ್ಸ್ 1650. ಎರಡೂ 4 ಜಿಬಿ ಮೆಮೊರಿಯಲ್ಲಿ ಸಿಗುತ್ತವೆ. ಜಾಹೀರಾತಿನಲ್ಲಿ ಎರಡನ್ನೂ "4 ಜಿಬಿ ಗ್ರಾಫಿಕ್ಸ್ ಕಾರ್ಡ್" ಎಂದೇ ಬರೆಯಬಹುದು.

ಈಗ ಒಳಗೆ ನೋಡಿ. ಬಡಿಸುವವರ ಸಂಖ್ಯೆ, ಅಂದರೆ ಲೆಕ್ಕ ಮಾಡುವ ಘಟಕಗಳು, ಮೊದಲನೆಯದರಲ್ಲಿ 384, ಎರಡನೆಯದರಲ್ಲಿ 896. ಇನ್ನೂ ದೊಡ್ಡ ವ್ಯತ್ಯಾಸ ಮೆಮೊರಿಯ ವೇಗದಲ್ಲಿದೆ. ಡಿಡಿಆರ್3 ಮೆಮೊರಿಯ 64-ಬಿಟ್ ಜಿಟಿ 730 ಸೆಕೆಂಡಿಗೆ ಸಾಗಿಸುವುದು 14.4 ಜಿಬಿ ಮಾಹಿತಿ. ಜಿಡಿಡಿಆರ್5 ಮೆಮೊರಿಯ ಜಿಟಿಎಕ್ಸ್ 1650 ಸಾಗಿಸುವುದು 128 ಜಿಬಿ. ಸುಮಾರು ಒಂಬತ್ತು ಪಟ್ಟು!

ಮದುವೆ ಮನೆಗೇ ಮರಳಿದರೆ, ಜಿಬಿ ಎಂಬುದು ಉಗ್ರಾಣದ ಗಾತ್ರ. ಮೆಮೊರಿ ವೇಗ ಎಂಬುದು ಉಗ್ರಾಣದ ಬಾಗಿಲಿನ ಅಗಲ. ಉಗ್ರಾಣ ಎಷ್ಟೇ ದೊಡ್ಡದಿರಲಿ, ಒಬ್ಬರೇ ತೂರಿ ಹೋಗುವಷ್ಟು ಬಾಗಿಲಿದ್ದರೆ ಪಂಕ್ತಿಗೆ ಊಟ ತಲುಪುವುದಿಲ್ಲ.

ಹಾಗೆಂದು ಗಾತ್ರ ಲೆಕ್ಕಕ್ಕೇ ಇಲ್ಲವೆಂದಲ್ಲ. ಇತ್ತೀಚಿನ ದೊಡ್ಡ ಗೇಮ್‌ಗಳಿಗೆ 4 ಜಿಬಿ ಸಾಲದಾಗುತ್ತಿದೆ. ಹೊಸದಾಗಿ ಕೊಳ್ಳುವವರಿಗೆ 8 ಜಿಬಿ ನೆಮ್ಮದಿ. ಆದರೆ ಮೊದಲು ಚಿಪ್‌ನ ಹೆಸರು, ಆಮೇಲೆ ಮೆಮೊರಿಯ ಬಗೆ, ಕೊನೆಗೆ ಜಿಬಿ. ಈ ಕ್ರಮ ತಪ್ಪಬಾರದು.

ಚಿಪ್‌ನ ಹೆಸರನ್ನೂ ಪೂರ್ತಿ ಓದಬೇಕು. ಆರ್‌ಟಿಎಕ್ಸ್ 3050 ಎಂಬ ಹೆಸರಿನಲ್ಲಿ 2022ರಲ್ಲಿ ಬಂದ 8 ಜಿಬಿ ಕಾರ್ಡಿನಲ್ಲಿ 2560 ಘಟಕಗಳಿವೆ. 2024ರಲ್ಲಿ ಅದೇ ಹೆಸರಿನಲ್ಲಿ ಬಂದ 6 ಜಿಬಿ ಕಾರ್ಡಿನಲ್ಲಿ 2304 ಮಾತ್ರ. ಇಲ್ಲಿ ಕಡಿಮೆಯಾದದ್ದು ಮೆಮೊರಿ ಒಂದೇ ಅಲ್ಲ. ಹಾಗೆಯೇ ಎಎಂಡಿಯ ಆರ್‌ಎಕ್ಸ್ 580 ಕಾರ್ಡಿನಲ್ಲಿ 2304 ಘಟಕಗಳಿದ್ದರೆ, "2048ಎಸ್‌ಪಿ" ಎಂಬ ಬಾಲವಿರುವ ಆರ್‌ಎಕ್ಸ್ 580ರಲ್ಲಿ 2048 ಮಾತ್ರ. ಜಾಹೀರಾತು ಬರೆಯುವವರು ಆ ಬಾಲವನ್ನು ಸುಲಭವಾಗಿ ಮರೆತುಬಿಡುತ್ತಾರೆ.

ನಂಬಿಕೆ 3: ರ‍್ಯಾಮ್ ಜಾಸ್ತಿಯಾದಷ್ಟೂ ಗೇಮ್ ವೇಗ

ರ‍್ಯಾಮ್ ಎಂದರೆ ಕೆಲಸ ನಡೆಯುವಾಗ ಸಾಮಾನು ಹರಡಿಕೊಳ್ಳುವ ಜಾಗ. ಜಾಗ ಸಾಲದಿದ್ದರೆ ಆಟ ನಿಂತು ನಿಂತು ಸಾಗುತ್ತದೆ. ಸಾಕಷ್ಟಿದ್ದ ಮೇಲೆ ಇನ್ನಷ್ಟು ಹಾಕಿದರೆ ಎಫ್‌ಪಿಎಸ್ ಏರುವುದಿಲ್ಲ. ಇಂದಿನ ಹೆಚ್ಚಿನ ಗೇಮ್‌ಗಳಿಗೆ 16 ಜಿಬಿ ಸಾಕು.

ಅದೇ 16 ಜಿಬಿಯನ್ನು ಹೇಗೆ ಹಾಕಿದ್ದಾರೆ ಎಂಬುದು ಮುಖ್ಯ. 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಒಳ್ಳೆಯದು. ಎರಡು ಪಟ್ಟಿಗಳಿದ್ದರೆ ಮಾಹಿತಿ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಹರಿಯುತ್ತದೆ. ಡಿಡಿಆರ್4-3200 ರ‍್ಯಾಮ್‌ನಲ್ಲಿ ಒಂದು ದಾರಿಯ ಗರಿಷ್ಠ ವೇಗ ಸೆಕೆಂಡಿಗೆ 25.6 ಜಿಬಿ, ಎರಡು ದಾರಿಗಳದ್ದು 51.2 ಜಿಬಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮೇಲೆಯೇ ಆಡುವವರಿಗೆ ಈ ವ್ಯತ್ಯಾಸ ಪರದೆಯಲ್ಲೇ ಕಾಣುತ್ತದೆ, ಏಕೆಂದರೆ ಆ ಗ್ರಾಫಿಕ್ಸ್ ಬಳಸುವುದು ಇದೇ ರ‍್ಯಾಮನ್ನು.

ಎಸ್ಎಸ್‌ಡಿ ಬಗ್ಗೆಯೂ ಇಂಥದ್ದೇ ಗೊಂದಲವಿದೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100–200 ಎಂಬಿ ಓದಿದರೆ, ಸಾಟಾ ಎಸ್ಎಸ್‌ಡಿ ಸುಮಾರು 550 ಎಂಬಿ, ಸಾಧಾರಣ ಎನ್‌ವಿಎಂಇ ಎಸ್ಎಸ್‌ಡಿ 3,500 ಎಂಬಿವರೆಗೆ ಓದುತ್ತದೆ. ಇದರಿಂದ ಕಂಪ್ಯೂಟರ್ ಬೇಗ ಶುರುವಾಗುತ್ತದೆ, ಗೇಮ್ ಬೇಗ ತೆರೆದುಕೊಳ್ಳುತ್ತದೆ. ಆಟದ ಮಧ್ಯದ ಎಫ್‌ಪಿಎಸ್ ಮಾತ್ರ ಅಷ್ಟೇ ಇರುತ್ತದೆ. ಎಸ್ಎಸ್‌ಡಿ ಬೇಕೇ ಬೇಕು, ಆದರೆ ಅತಿ ದುಬಾರಿಯದ್ದು ಬೇಕಿಲ್ಲ. ಬಣ್ಣದ ದೀಪಗಳ ಬಗ್ಗೆ ಹೇಳುವುದೇನೂ ಇಲ್ಲ. ಅವು ಬೆಳಕು ಕೊಡುತ್ತವೆ, ಅಷ್ಟೇ.

ನಂಬಿಕೆ 4: ಎಸ್‌ಎಂಪಿಎಸ್ ಯಾವುದಾದರೇನು?

ಕಡಿಮೆ ಬಜೆಟ್‌ನವರು ಮೊದಲು ಕೈ ಹಿಡಿಯುವುದು ಇಲ್ಲೇ. ಹಿಡಿಯಬಾರದ್ದೂ ಇಲ್ಲೇ. ಗೋಡೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗೆ ಇಳಿಸಿ ಪ್ರತಿ ಭಾಗಕ್ಕೂ ಹಂಚುವುದು ಎಸ್‌ಎಂಪಿಎಸ್. ಕಳಪೆಯದ್ದು ಕೈಕೊಟ್ಟರೆ ಒಂಟಿಯಾಗಿ ಹೋಗದೆ ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್‌ಗಳನ್ನೂ ಜೊತೆಗೆ ಕರೆದೊಯ್ಯಬಹುದು. ಒಳ್ಳೆಯದರಲ್ಲಿ ಶಾರ್ಟ್ ಸರ್ಕ್ಯೂಟ್, ಹೆಚ್ಚು ವೋಲ್ಟೇಜ್, ಹೆಚ್ಚು ಕರೆಂಟ್ ಕಂಡ ಕೂಡಲೇ ತಾನಾಗಿ ಆಫ್ ಆಗುವ ರಕ್ಷಣೆ ಇರುತ್ತದೆ. ಅಗ್ಗದವುಗಳಲ್ಲಿ ಬಿಟ್ಟುಹೋಗುವುದು ಈ ರಕ್ಷಣೆಯೇ.

ಡಬ್ಬದ ಮೇಲಿನ ವ್ಯಾಟ್ ನೋಡಿ ಸುಮ್ಮನಾಗಬೇಡಿ. ಪಕ್ಕದಲ್ಲಿ ಅಂಟಿಸಿದ ಪಟ್ಟಿಯಲ್ಲಿ 12 ವೋಲ್ಟ್ ಸಾಲಿನ ಎದುರು ಎಷ್ಟು ಆಂಪಿಯರ್ ಇದೆ ಎಂದು ಓದಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಮುಖ್ಯವಾಗಿ ಬಳಸುವುದು ಆ ಸಾಲನ್ನೇ. ಅಲ್ಲಿ 14 ಆಂಪಿಯರ್ ಎಂದಿದ್ದರೆ 12 × 14 = 168 ವ್ಯಾಟ್. ಹೊರಗೆ "500 ವ್ಯಾಟ್" ಎಂದು ಎಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಗೇಮ್‌ಗೆ ಸಿಗುವುದು ಅಷ್ಟೇ.

ನಿಜವಾಗಿ ಎಷ್ಟು ಬೇಕು? ಐ3-12100ಎಫ್ ಗರಿಷ್ಠ 89 ವ್ಯಾಟ್ ಬಳಸುತ್ತದೆ. ಆರ್‌ಎಕ್ಸ್ 6600 ಕಾರ್ಡ್ 132 ವ್ಯಾಟ್. ಬೋರ್ಡ್, ರ‍್ಯಾಮ್, ಫ್ಯಾನ್‌ಗಳಿಗೆ 50 ಸೇರಿಸಿದರೂ 271. ಹೆಸರಾಂತ ತಯಾರಕರ 450 ಅಥವಾ 550 ವ್ಯಾಟ್‌ನ ಎಸ್‌ಎಂಪಿಎಸ್ ಇದಕ್ಕೆ ಧಾರಾಳ. "80 ಪ್ಲಸ್" ಎಂಬ ಗುರುತನ್ನೂ ನೋಡಿ. ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಬಿಸಿಯಾಗಿ ಪೋಲಾಗದೆ ಕೆಲಸಕ್ಕೆ ಸಿಗುತ್ತದೆ ಎಂಬುದಕ್ಕೆ ಅದು ಪ್ರಮಾಣ. ಬಾಳಿಕೆಗೆ ಅದೊಂದೇ ಖಾತರಿಯಲ್ಲ, ಆದ್ದರಿಂದ ವಾರಂಟಿ ಎಷ್ಟು ವರ್ಷ ಎಂದೂ ಕೇಳಿ.

"ದೊಡ್ಡ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಬಿಲ್ ಜಾಸ್ತಿ" ಎಂಬುದೂ ತಪ್ಪು ತಿಳಿವಳಿಕೆ. ಎಸ್‌ಎಂಪಿಎಸ್ ಎಳೆಯುವುದು ಒಳಗಿನ ಭಾಗಗಳು ಕೇಳಿದಷ್ಟನ್ನೇ. ಆಟದ ಸಮಯದಲ್ಲಿ 250 ವ್ಯಾಟ್ ಬೇಕಾಗಿದ್ದು ದಕ್ಷತೆ ಶೇ. 85 ಇದ್ದರೆ ಗೋಡೆಯಿಂದ ಹರಿಯುವುದು ಸುಮಾರು 294 ವ್ಯಾಟ್. ದಿನಕ್ಕೆ 3 ಗಂಟೆ ಆಡಿದರೆ ತಿಂಗಳಿಗೆ ಸುಮಾರು 26 ಯೂನಿಟ್. ಗೃಹಜ್ಯೋತಿ ಸೌಲಭ್ಯ ಪಡೆಯುತ್ತಿರುವ ಮನೆಯವರು ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಅಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಯುಪಿಎಸ್ ವಿಚಾರವೂ ಇಲ್ಲೇ ಬರುತ್ತದೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ ಅದರ ಅಂಚಿಗೆ ಬಂದರೆ ಕರೆಂಟ್ ಹೋದ ಕೂಡಲೇ ಯುಪಿಎಸ್ ಕೂಡ ಕೈಚೆಲ್ಲಬಹುದು. ಪ್ಲಗ್ ಹಾಕುವ ಸಾಕೆಟ್‌ಗೆ ಅರ್ತಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎನ್ನುತ್ತಿದ್ದರೆ ಅದನ್ನು ತಳ್ಳಿಹಾಕಬೇಡಿ.

ಹಳೆಯ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬಹುದೇ?

ಕೊಳ್ಳಬಹುದು, ಆದರೆ ಕಣ್ಣು ತೆರೆದು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ಹಣದ ವ್ಯವಸ್ಥೆ ಗ್ರಾಫಿಕ್ಸ್ ಕಾರ್ಡುಗಳ ಅಗತ್ಯವಿಲ್ಲದ ಹೊಸ ಪದ್ಧತಿಗೆ ಬದಲಾಯಿತು. ಅಲ್ಲಿಯವರೆಗೆ "ಮೈನಿಂಗ್" ಎಂದು ಹಗಲು ರಾತ್ರಿ ದುಡಿದ ಕಾರ್ಡುಗಳು ಹಳೆಯ ಮಾಲಿನ ಮಾರುಕಟ್ಟೆಗೆ ಬಂದವು. ಅಂಥ ಕಾರ್ಡು ಕೆಟ್ಟೇ ಇರುತ್ತದೆ ಎಂದಿಲ್ಲ. ಆದರೆ ಫ್ಯಾನ್ ಸವೆದಿರಬಹುದು, ಬಿಸಿ ಹೀರುವ ಪ್ಯಾಡ್‌ಗಳು ಒಣಗಿರಬಹುದು.

ಇನ್ನೊಂದು ಅಪಾಯ ನಕಲಿ ಕಾರ್ಡು. ಹಳೆಯ ಚಿಪ್‌ನ ಒಳಗಿನ ತಂತ್ರಾಂಶವನ್ನು ತಿದ್ದಿ ಅದು ಹೊಸ ಮಾದರಿಯ ಹೆಸರು ತೋರಿಸುವಂತೆ ಮಾಡುತ್ತಾರೆ. ವಿಂಡೋಸ್ ಕೂಡ ಅದೇ ಹೆಸರನ್ನು ತೋರಿಸುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥ ಅನೇಕ ನಕಲಿ ಕಾರ್ಡುಗಳನ್ನು ಗುರುತಿಸಿ, ಹೆಸರಿನ ಮುಂದೆ ನಕಲಿ ಎಂದೇ ತೋರಿಸುತ್ತದೆ. ಹಣ ಕೊಡುವ ಮುನ್ನ ಅದನ್ನು ಓಡಿಸಿ ನೋಡಿ. ನಂತರ ಒಂದು ಗೇಮನ್ನು ಅರ್ಧ ಗಂಟೆ ಆಡಿ. ಪರದೆ ಕಪ್ಪಾಗುವುದು, ಬಣ್ಣದ ಚುಕ್ಕೆಗಳು ಮೂಡುವುದು, ಫ್ಯಾನ್ ಕಿರುಗುಟ್ಟುವುದು ಕಂಡರೆ ಎದ್ದು ಬನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎದುರಿಗೇ ಹಾಕಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಎದುರಿಗೆ ತೋರಿಸಲು ಒಪ್ಪದವರಿಗೆ ಮುಂಗಡ ಹಣ ಕಳಿಸಬೇಡಿ.

ಹಾಗಾದರೆ ಹಣ ಹಂಚುವುದು ಹೇಗೆ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾವ ಗೇಮ್, ಯಾವ ಪರದೆಯಲ್ಲಿ? ವ್ಯಾಲರಂಟ್‌ನಂಥ ಹಗುರ ಗೇಮ್‌ಗೆ ಬೇಕಾದದ್ದೇ ಬೇರೆ, ಇತ್ತೀಚಿನ ದೊಡ್ಡ ಗೇಮ್‌ಗಳಿಗೆ ಬೇಕಾದದ್ದೇ ಬೇರೆ. ಕಡಿಮೆ ಬಜೆಟ್‌ಗೆ 1080ಪಿ ಪರದೆಯೇ ಸರಿ. ಉತ್ತರ ಸಿಕ್ಕ ಮೇಲೆ ಮೂರು ದಾರಿಗಳಿವೆ.

ಮೊದಲ ದಾರಿ, ತೀರಾ ಕಡಿಮೆ ಹಣದ್ದು. ಕಚೇರಿಗಳಿಂದ ಹೊರಬಂದ, ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಐ5 ಇರುವ ಬ್ರ್ಯಾಂಡೆಡ್ ಡೆಸ್ಕ್‌ಟಾಪ್. ಉದಾಹರಣೆಗೆ ಐ5-8500ರಲ್ಲಿ 6 ಕೋರ್‌ಗಳಿವೆ, ವಿಂಡೋಸ್ 11 ಕೂಡ ಅಧಿಕೃತವಾಗಿ ಓಡುತ್ತದೆ. ಇವುಗಳ ಎಸ್‌ಎಂಪಿಎಸ್ ಚಿಕ್ಕದು, ಆಕಾರವೂ ಬೇರೆ. ಆದ್ದರಿಂದ ಪ್ರತ್ಯೇಕ ಪವರ್ ಕೇಬಲ್ ಬೇಡದ, 75 ವ್ಯಾಟ್ ಒಳಗಿನ ಕಾರ್ಡನ್ನೇ ಹಾಕಬೇಕು. ಕ್ಯಾಬಿನೆಟ್ ತೆಳುವಾಗಿದ್ದರೆ ಕಾರ್ಡಿನ ಎತ್ತರವನ್ನೂ ಅಳೆಯಬೇಕು.

ಎರಡನೇ ದಾರಿ, ಗ್ರಾಫಿಕ್ಸ್ ಕಾರ್ಡನ್ನು ನಂತರ ಸೇರಿಸುವುದು. ಎಎಂಡಿಯ ರೈಜೆನ್ 5 5600ಜಿಯಂಥ, ಒಳಗೇ ತಕ್ಕಮಟ್ಟಿನ ಗ್ರಾಫಿಕ್ಸ್ ಇರುವ 6 ಕೋರ್‌ನ ಪ್ರೊಸೆಸರ್ ಕೊಂಡು 8 ಜಿಬಿಯ ಎರಡು ರ‍್ಯಾಮ್ ಪಟ್ಟಿಗಳನ್ನು ಹಾಕುವುದು. ಹಗುರ ಗೇಮ್‌ಗಳು ಆರಾಮವಾಗಿ ನಡೆಯುತ್ತವೆ, ಓದು ಬರಹದ ಕೆಲಸವೂ ಆಗುತ್ತದೆ. ಒಂದು ವರ್ಷದ ನಂತರ ಕಾರ್ಡ್ ಸೇರಿಸಬಹುದು, ಎಸ್‌ಎಂಪಿಎಸ್ ಮಾತ್ರ ಈಗಲೇ ಒಳ್ಳೆಯದಿರಲಿ.

ಮೂರನೇ ದಾರಿ, ಒಂದೇ ಸಲಕ್ಕೆ ಪೂರ್ತಿ. ಮಾನಿಟರ್ ಬಿಟ್ಟು ಒಟ್ಟು ಹಣದಲ್ಲಿ ಶೇ. 35–40 ಗ್ರಾಫಿಕ್ಸ್ ಕಾರ್ಡಿಗೆ, ಶೇ. 25–30 ಪ್ರೊಸೆಸರ್ ಮತ್ತು ಬೋರ್ಡಿಗೆ, ಸುಮಾರು ಶೇ. 20 ರ‍್ಯಾಮ್ ಮತ್ತು ಎಸ್ಎಸ್‌ಡಿಗೆ, ಶೇ. 8–10 ಎಸ್‌ಎಂಪಿಎಸ್‌ಗೆ, ಉಳಿದದ್ದು ಕ್ಯಾಬಿನೆಟ್‌ಗೆ. ಕೈಯಲ್ಲಿ 50,000 ರೂ. ಇದ್ದರೆ ಕಾರ್ಡಿಗೆ 18–20 ಸಾವಿರ, ಎಸ್‌ಎಂಪಿಎಸ್‌ಗೆ 4–5 ಸಾವಿರ ಎಂದಾಯಿತು. ಇಂಟೆಲ್ ಪ್ರೊಸೆಸರ್‌ನ ಹೆಸರಿನ ಕೊನೆಯಲ್ಲಿ "ಎಫ್" ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಮೂಡುವುದಿಲ್ಲ.

ಈ ಹಂಚಿಕೆ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಎಐ ಕೇಂದ್ರಗಳಿಗೆ ಮೆಮೊರಿ ಚಿಪ್‌ಗಳ ಬೇಡಿಕೆ ಹೆಚ್ಚಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಬಹಳ ಏರಿತು. ಹೀಗಾಗಿ ಹಳೆಯ ವಿಡಿಯೊದಲ್ಲಿ ಹೇಳಿದ ಬೆಲೆ ನಂಬಿ ಹೊರಡಬೇಡಿ. ಕೊಳ್ಳುವ ವಾರದಲ್ಲಿ ಎರಡು ಮೂರು ಕಡೆ ವಿಚಾರಿಸಿ. ಹಣ ಸಾಲದಿದ್ದರೆ ದೀಪ, ಗಾಜಿನ ಕ್ಯಾಬಿನೆಟ್, ದುಬಾರಿ ಬೋರ್ಡ್ ಇವುಗಳಲ್ಲಿ ಉಳಿಸಿ.

ಫಾರ್ವರ್ಡ್ ಮಾಡುವ ಮುನ್ನ ಈ ಆರು ಪ್ರಶ್ನೆ

ಇಂಥ ಜಾಹೀರಾತು ನಿಮ್ಮ ಫೋನಿಗೆ ಬಂದರೆ ಕಳಿಸಿದವರನ್ನು ಇಷ್ಟು ಕೇಳಿ:

1. ಪ್ರೊಸೆಸರ್‌ನ ಪೂರ್ತಿ ಹೆಸರೇನು? ಐ7 ನಂತರದ ಸಂಖ್ಯೆ ಎಷ್ಟು?
2. ಮದರ್‌ಬೋರ್ಡ್ ಚಿಪ್‌ಸೆಟ್ ಯಾವುದು? ರ‍್ಯಾಮ್ ಡಿಡಿಆರ್3, 4, 5ರಲ್ಲಿ ಯಾವುದು, ಎಷ್ಟು ಪಟ್ಟಿ?
3. ಗ್ರಾಫಿಕ್ಸ್ ಕಾರ್ಡಿನ ಚಿಪ್ ಯಾವುದು? ಮೆಮೊರಿ ಯಾವ ಬಗೆಯದು?
4. ಎಸ್‌ಎಂಪಿಎಸ್ ತಯಾರಕರು ಯಾರು? 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್?
5. ವಿಂಡೋಸ್ 11 ಅಧಿಕೃತವಾಗಿ ಓಡುತ್ತದೆಯೇ? ಟಿಪಿಎಂ 2.0 ಇದೆಯೇ?
6. ಪ್ರತಿ ಭಾಗದ ಮಾದರಿ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ ಕೊಡುತ್ತೀರಾ?

ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರಿಗೆ ಇವು ಎರಡು ನಿಮಿಷದ ಉತ್ತರಗಳು. ಕೊನೆಯ ಪ್ರಶ್ನೆಗೆ ಉತ್ತರ ಹೌದಾಗಿದ್ದರೆ ನಾಳೆ ತಕರಾರು ಬಂದಾಗ ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗಲೂ ಮೊದಲು ಕೆಲಸಕ್ಕೆ ಬರುವುದು ಆ ಬಿಲ್ಲೇ. "ಸ್ಟಾಕ್ ಖಾಲಿಯಾಗ್ತಿದೆ, ಮೊದಲು ಹಣ ಹಾಕಿ" ಎಂಬುದಷ್ಟೇ ಉತ್ತರವಾಗಿ ಬಂದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಅದರ ಬದಲು ಈ ಆರು ಪ್ರಶ್ನೆಗಳನ್ನು ಗುಂಪಿಗೆ ಕಳಿಸಿ. ಈ ವಾರ ಕಂಪ್ಯೂಟರ್ ಕೊಳ್ಳಲು ಹೊರಟ ಯಾರಾದರೂ ಅಲ್ಲಿ ಇರಬಹುದು.